ಗಾಜಿನ ಕಾರ್ಖಾನೆ ಪುಟದ ಒಂದು ಸಾಲು

ಕನ್ನಡಕದ ಅಂಗಡಿಯ ಹಿಂಬದಿ ಕೋಣೆಯಲ್ಲಿ ಕೂತು ಗಾಜು ಉಜ್ಜುವ ಆ ಹೆಂಗಸನ್ನು ಅಂತರ್ಜಾಲದ ವಿಶ್ವಕೋಶದಲ್ಲಿ ಬರೆಯುವವರೆಲ್ಲ ಪಂಚಾಯ್ತಿ ಅಕ್ಕ ಅಂತಲೇ ಕರೆಯುತ್ತಿದ್ದರು. ಸಂಬಳವಿಲ್ಲ, ಸನ್ಮಾನವಿಲ್ಲ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಅಳಿಸಿ, ಅಳಿಸಿದ್ದನ್ನು ಮೊದಲಿನವರು ಮತ್ತೆ ಬರೆದು, ಇಬ್ಬರೂ ಜುಟ್ಟು ಹಿಡಿದುಕೊಳ್ಳುವ ಹೊತ್ತಿಗೆ ಅಕ್ಕ ನಡುವೆ ಬರುತ್ತಿದ್ದಳು. ಅವಳು ಕೇಳುತ್ತಿದ್ದದ್ದು ಒಂದೇ ಮಾತು: "ಎಲ್ಲಿ ಅಚ್ಚಾಗಿದೆ, ತೋರ್ಸಿ." ತೋರಿಸಿದವರ ಸಾಲು ಉಳಿಯುತ್ತಿತ್ತು. ನಾನೇ ಕಣ್ಣಾರೆ ಕಂಡಿದ್ದೀನಿ ಎಂದವರಿಗೆ ಕೈಮುಗಿದು ಕಳಿಸುತ್ತಿದ್ದಳು. ಆ ನಿಯಮದ ಕರಡು ಬರೆದವಳೂ ಅವಳೇ. ನಿವೃತ್ತ ಮೇಷ್ಟ್ರೊಬ್ಬರು ತಾವು ಹುಟ್ಟಿದ ಇಸವಿ ತಪ್ಪಾಗಿದೆ ಅಂತ ತಿದ್ದಲು ಬಂದಾಗ, "ನೀವು ಹುಟ್ಟಿದ್ದಕ್ಕೆ ಪುರಾವೆ ಏನಿದೆ ಸಾರ್?" ಅಂತ ಕೇಳಿ ಎಲ್ಲರ ಹೊಟ್ಟೆ ಹುಣ್ಣಾಗುವಂತೆ ನಗಿಸಿದ್ದಳು.

ಒಂದು ಬೆಳಿಗ್ಗೆ, ಅಂಗಡಿಯ ಬಾಗಿಲು ತೆಗೆಯುವ ಮುಂಚೆಯೇ, ಹೊಸ ವ್ಯಾಜ್ಯ ಬಂದು ಕೂತಿತ್ತು. ಊರಿನ ಹಳೆಯ ಗಾಜಿನ ಕಾರ್ಖಾನೆಯ ಪುಟ. ನಲವತ್ತು ವರ್ಷದ ಹಿಂದೆ ಅಲ್ಲಿ ಬಾಯ್ಲರ್ ಸಿಡಿದು ಆರು ಮಂದಿ ಸತ್ತಿದ್ದರು. "ಬಾಯ್ಲರ್ ಕಾಯುತ್ತಿದ್ದವನು ಕೆಲಸದ ವೇಳೆಯಲ್ಲಿ ನಿದ್ದೆ ಹೋದದ್ದೇ ದುರಂತಕ್ಕೆ ಕಾರಣ" ಎಂಬ ಸಾಲನ್ನು ಹೊಸಬಳೊಬ್ಬಳು ನಾಲ್ಕು ಸಲ ಅಳಿಸಿದ್ದಳು. ನಾಲ್ಕು ಸಲವೂ ಅದನ್ನು ವಾಪಸು ಕೂರಿಸಿದವನು ಅಡಿಟಿಪ್ಪಣಿ ಮಾವ. ಆಧಾರ ಕೊಡದಿದ್ದರೆ ಕಟ್ಟಿಕೊಂಡ ಹೆಂಡತಿಯ ಮಾತನ್ನೂ ನಂಬದವನು ಅಂತ ಅವನಿಗೆ ಹೆಸರು.

"ಅದು ನಮ್ಮಪ್ಪ," ಅಂತ ಚರ್ಚೆಯ ಪುಟದಲ್ಲಿ ಹೊಸಬಳು ಬರೆದಿದ್ದಳು. "ಅಲ್ಲೇ ಸತ್ರು. ಮಲಗೋ ಜಾಯಮಾನದೋರಲ್ಲ. ಪಕ್ಕದ ಮನೆಯವರು ಇದನ್ನ ಓದಿ ಹೇಳಿದಾಗಿಂದ ನಮ್ಮಮ್ಮ ಸರಿಯಾಗಿ ಊಟ ಮಾಡ್ತಿಲ್ಲ."

"ನಿಮ್ಮ ಸಂಕಟ ಅರ್ಥ ಆಗತ್ತೆ ತಾಯಿ," ಅಂತ ಮಾವನ ಉತ್ತರ. "ಆದ್ರೆ ನನ್ನ ಹತ್ರ ಒಂದು ಪತ್ರಿಕೆ ಇದೆ, ಒಂದು ಪುಸ್ತಕ ಇದೆ. ನಿಮ್ಮ ಹತ್ರ ಏನಿದೆ?"

ಅಕ್ಕ ಎಂದಿನಂತೆ ಬುಡದಿಂದ ಹುಡುಕಿದಳು. ಪತ್ರಿಕೆಯ ಲೇಖನ ಎಂಟು ವರ್ಷದ್ದು, ಪುಸ್ತಕ ಆರು ವರ್ಷದ್ದು. ವಿಶ್ವಕೋಶದ ಸಾಲು ಮಾತ್ರ ಹನ್ನೊಂದು ವರ್ಷ ಹಳೆಯದು. ಹಾಗಾದರೆ ಮೊದಲು ಬರೆದವರು ಯಾರು? ಪುಟದ ಇತಿಹಾಸವನ್ನು ಕೆಳಕ್ಕೆ ಸರಿಸುತ್ತ ಹೋದವಳ ಬೆರಳು ಒಂದು ಕಡೆ ನಿಂತುಬಿಟ್ಟಿತು. ಅಲ್ಲಿದ್ದದ್ದು ಅವಳದೇ ಖಾತೆ. ವಿಶ್ವಕೋಶಕ್ಕೆ ಸೇರಿದ ಮೊದಲ ವಾರ, ಊಟದ ಮೇಜಿನಲ್ಲಿ ಅಪ್ಪ ಹೇಳಿದ್ದನ್ನು ಎಂಜಲುಗೈ ತೊಳೆದವಳೇ ಹೋಗಿ ಬರೆದಿದ್ದಳು. ಆಗ ಆಧಾರ ಎಲ್ಲಿ ಅಂತ ಕೇಳುವವರು ಯಾರೂ ಇರಲಿಲ್ಲ.

ಸಂಜೆ ಅಪ್ಪನ ಮುಂದೆ ಕೂತಳು. ಅಪ್ಪ ಅದೇ ಕಾರ್ಖಾನೆಯಲ್ಲಿ ಬಾಟಲಿ ಪ್ಯಾಕ್ ಮಾಡುತ್ತಿದ್ದವನು.

"ಬಾಯ್ಲರಿನವನು ಮಲಗಿದ್ದ ಅಂತಿದ್ಯಲ್ಲ, ನೀನೇ ನೋಡಿದ್ಯಾ?"

"ನಾನೆಲ್ಲಿ ನೋಡ್ಲಿ? ಆವತ್ತು ಹಲ್ಲುನೋವು ಅಂತ ರಜಾ ಹಾಕಿದ್ದೆ."

"ಮತ್ತೆ?"

"ಕ್ಯಾಂಟೀನಲ್ಲಿ ಎಲ್ರೂ ಅನ್ನೋರು. ಒತ್ತಡ ತೋರ್ಸೋ ಮುಳ್ಳು ಕೆಟ್ಟು ಎರಡು ತಿಂಗಳಾಗಿತ್ತು, ಅದು ಬೇರೆ ವಿಷಯ."

"ಅದು ಬೇರೆ ವಿಷಯನಾ ಅಪ್ಪಾ?"

ಅಪ್ಪ ಟವೆಲ್ಲಿನ ಅಂಚು ಮಡಚಿದ. "ಆರು ಹೆಣ ನೋಡಿದೋರು ಕಣೇ ನಾವು. ಯಾರೋ ಒಬ್ಬ ಮಲಗಿದ್ದ ಅಂದ್ಕೊಂಡ್ರೆ ನಾಳೆ ಕೆಲಸಕ್ಕೆ ಹೋಗೋಕೆ ಧೈರ್ಯ ಬರ್ತಿತ್ತು."

ಮರುದಿನ ಅಕ್ಕ ಪತ್ರಿಕೆಗೆ ಫೋನು ಹಚ್ಚಿದಳು. ವರದಿಗಾರ ನಕ್ಕುಬಿಟ್ಟ. "ನಿಮ್ಮ ವಿಶ್ವಕೋಶದಿಂದ್ಲೇ ಎತ್ತಿದ್ದು ಮೇಡಂ! ತಪ್ಪಿದ್ರೆ ದಾಖಲೆ ಕಳ್ಸಿ, ತಿದ್ದುಪಡಿ ಹಾಕೋಣ." ದಾಖಲೆ ಎಲ್ಲಿಂದ ತರುವುದು? ತನಿಖೆಯ ಕಡತವಿದ್ದ ಕಚೇರಿಯ ನೆಲಮಾಳಿಗೆಗೆ ಯಾವತ್ತೋ ನೀರು ನುಗ್ಗಿ, ಕಾಗದವೆಲ್ಲ ಮುದ್ದೆಯಾಗಿ ಕಸಕ್ಕೆ ಹೋಗಿತ್ತು. ಪುಸ್ತಕ ಬರೆದಾತ ತೀರಿಕೊಂಡಿದ್ದ. ಮುನ್ನುಡಿಯಲ್ಲಿ ಮಾತ್ರ "ಹಳೆಯ ಕಾರ್ಮಿಕರನ್ನು ಮಾತಾಡಿಸಿ ಬರೆದದ್ದು" ಅಂತ ಒಂದು ವಾಕ್ಯ ಬಿಟ್ಟುಹೋಗಿದ್ದ.

ಅಕ್ಕ ಎಲ್ಲವನ್ನೂ ಬಿಚ್ಚಿ ಬರೆದಳು. ಸಾಲು ನನ್ನದು, ಅಪ್ಪ ಅಲ್ಲಿರಲಿಲ್ಲ, ತೆಗೆದುಬಿಡಿ ಎಂದಳು. ಮಾವ ಮರುದಿನ ಉತ್ತರಿಸಿದ:

"ಪತ್ರಿಕೆ ಬಿದ್ದುಹೋಯ್ತು, ಒಪ್ದೆ. ಪುಸ್ತಕದೋನು ಕಾರ್ಮಿಕರನ್ನ ಕೇಳಿ ಬರ್ದಿದಾನೆ, ಅದು ನಿಂತಿದೆ. ನೀನು ಸುಳ್ಳು ಹೇಳೋಳಲ್ಲ ಅಕ್ಕಾ, ಆದ್ರೆ ಮನೇಲಿ ಅಪ್ಪ ಹೇಳಿದ್ದನ್ನ ಆಧಾರ ಅಂತ ತಗೊಂಡ್ರೆ, ನಾಳೆ ಎಲ್ಲರ ಅಪ್ಪಂದಿರೂ ಬಂದು ಸಾಲಾಗಿ ನಿಲ್ತಾರೆ. ಇದನ್ನ ನಮಗೆಲ್ಲ ಕಲ್ಸಿದ್ದು ನೀನೇ."

ಮಾವನ ಜಾಗದಲ್ಲಿ ಅಕ್ಕನೇ ಇದ್ದಿದ್ದರೂ ಅದನ್ನೇ ಬರೆಯುತ್ತಿದ್ದಳು. ವ್ಯಾಜ್ಯದಲ್ಲಿ ತಾನೂ ಕಕ್ಷಿಯಾದ್ದರಿಂದ ತೀರ್ಪನ್ನು ಬೇರೊಬ್ಬರಿಗೆ ಬಿಟ್ಟಳು. ಅವರು ಸಾಲನ್ನು ಉಳಿಸಿ, ಕೊನೆಗೆ "ಎಂದು ಹೇಳಲಾಗಿದೆ" ಅಂತ ಸೇರಿಸಿ ಚರ್ಚೆ ಮುಚ್ಚಿದರು.

ಭಾನುವಾರ ಅಕ್ಕ ಆ ಹೊಸಬಳ ವಿಳಾಸ ಕೇಳಿಕೊಂಡು ಹೋದಳು. ಬೀದಿಯ ಕೊನೆಯಲ್ಲಿ ಒಂದೇ ಹೊಲಿಗೆ ಯಂತ್ರದ ಅಂಗಡಿ. ಯಂತ್ರದ ಹಿಂದೆ ಕೂತವಳು ಬಂದವಳನ್ನು ನೋಡಿದಳು, ಕೂತ್ಕೊಳ್ಳಿ ಅನ್ನಲಿಲ್ಲ.

"ತೀರ್ಪು ಓದ್ದೆ. ನೀವು ಬರ್ದಿದ್ದೂ ಓದ್ದೆ," ಎಂದಳು, ಸೂಜಿಗೆ ದಾರ ಪೋಣಿಸುತ್ತ. "ಅಮ್ಮಂಗೆ ನಾನಿನ್ನೂ ಹೇಳಿಲ್ಲ. ಬಂದಿದ್ದೀರಲ್ಲ, ನೀವೇ ಹೇಳಿ."

ಒಳಗಿನ ಕೋಣೆಯಲ್ಲಿ ಮುದುಕಿ ಕತ್ತರಿಸಿದ ಬಟ್ಟೆಯ ಚೂರುಗಳನ್ನು ಬಣ್ಣ ನೋಡಿ ವಿಂಗಡಿಸುತ್ತಿದ್ದಳು. ಅಕ್ಕ ನೆಲದಲ್ಲೇ ಕೂತಳು.

"ಅಳಿಸೋಕೆ ಆಗ್ಲಿಲ್ಲಮ್ಮ. ತುಂಬಾ ಪ್ರಯತ್ನ ಮಾಡ್ದೆ."

"ಯಾರಮ್ಮ ಅದನ್ನ ಬರ್ದೋರು? ಮನೆ ತೋರ್ಸು, ನಾನೇ ಬರ್ತೀನಿ. ಒಳ್ಳೆ ಮಾತಲ್ಲಿ ಕೇಳಿದ್ರೆ ಇಲ್ಲ ಅಂತಾರಾ?"

ಹೊರಗೆ ಯಂತ್ರದ ಸದ್ದು ನಿಂತಿತು. ಅಕ್ಕ ತಲೆ ಎತ್ತಲಿಲ್ಲ.

"ಬರ್ದೋಳು ನಾನೇ ಅಮ್ಮ."

ಮುದುಕಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಬೈಗುಳ ಬಿದ್ದಿದ್ದರೆ ಎಷ್ಟೋ ವಾಸಿಯಿತ್ತು. ಆದರೆ ಮುದುಕಿಯ ಮುಖ ಅರಳಿಬಿಟ್ಟಿತು. ಮಡಿಲಿನ ಚೂರುಗಳನ್ನು ಪಕ್ಕಕ್ಕಿಟ್ಟು, ಅಕ್ಕನ ಕೈ ಹಿಡಿದುಕೊಂಡಳು.

"ಸದ್ಯ, ನೀನೇನಾ! ನಾನು ಯಾರೋ ದೊಡ್ಡೋರು ಅಂದ್ಕೊಂಡು ಹೆದ್ರಿದ್ದೆ. ಹಾಗಾದ್ರೆ ಇನ್ನೇನಿದೆ ತಾಯಿ, ಅಳಿಸಿಬಿಡು."