ಅತ್ತೆ ತಟ್ಟಿ ನೋಡಿದ ಬೋರ್ಡು

ನನ್ನ ಮೊದಲ ಶಾರ್ಟ್‌ಬೋರ್ಡನ್ನು ಆರಿಸಿದ್ದು ನಾನಲ್ಲ, ನಮ್ಮತ್ತೆ. ಇದನ್ನು ಒಪ್ಪಿಕೊಳ್ಳಲು ನನಗೆ ಬಹಳ ವರ್ಷ ಹಿಡಿಯಿತು. ಅಷ್ಟು ಜಂಬದವಳು ನಾನು.

ಎರಡು ಸಾವಿರದ ದಶಕದ ನಡುವಿನ ಮಾತು. ಮೊದಲ ಪೋಸ್ಟಿಂಗ್ ಕರಾವಳಿಯ ಒಂದು ಶಾಲೆಗೆ ಆಗಿತ್ತು. ಅಲ್ಲಿ ಬೋರ್ಡಿನ ಮೇಲೆ ನಿಂತು ಅಲೆಯ ಮೇಲೆ ಜಾರುವ ಸರ್ಫಿಂಗ್ ಹುಚ್ಚು ಹತ್ತಿತು. ಬೇಲೂರಿಗೆ ವರ್ಗವಾದ ಮೇಲೂ ಬಿಡಲಿಲ್ಲ. ಶನಿವಾರ ಮಕ್ಕಳಿಗಿಂತ ಮೊದಲು ನಾನೇ ಶಾಲೆಯಿಂದ ಓಡಿ ಘಾಟಿ ಇಳಿಯುವ ಬಸ್ಸು ಹತ್ತುತ್ತಿದ್ದೆ. ಎರಡು ವರ್ಷ ಕಲಿತದ್ದೆಲ್ಲ ಒಂಬತ್ತು ಅಡಿಯ ಮೆತ್ತನೆ ಬೋರ್ಡಿನ ಮೇಲೆ. ಅದರಲ್ಲಿ ನಾನು ಮಾಡುತ್ತಿದ್ದದ್ದು ಇಷ್ಟೇ: ಒಡೆದು ನೊರೆಯಾದ ಅಲೆಯ ಜೊತೆ ನೆಟ್ಟಗೆ ದಡಕ್ಕೆ ಬರುವುದು. ನನಗೆ ಬೇಕಿದ್ದದ್ದು ಇನ್ನೂ ಒಡೆಯದ ಅಲೆ. ಅದರ ಹಸಿರು ಗೋಡೆಯ ಮೇಲೆ ಓರೆಯಾಗಿ ಜಾರಬೇಕು, ಬೇಕೆಂದ ಕಡೆ ತಿರುಗಬೇಕು. ಅದಕ್ಕೆ ಶಾರ್ಟ್‌ಬೋರ್ಡು, ಅಂದರೆ ಗಿಡ್ಡ ಬೋರ್ಡೇ ಆಗಬೇಕು. ಆಗ ಅದು ನಮ್ಮ ಕಡೆ ಯಾವ ಅಂಗಡಿಯಲ್ಲೂ ಸಿಗುತ್ತಿರಲಿಲ್ಲ.

ಅಷ್ಟರಲ್ಲಿ, ಕಡಲಲ್ಲಿ ಪರಿಚಯವಾಗಿದ್ದ ವಿದೇಶಿ ಸರ್ಫರ್ ಒಬ್ಬ ತನ್ನ ದೇಶಕ್ಕೆ ಮರಳುವ ಮುನ್ನ ಬೇಲೂರಿನ ದೇವಸ್ಥಾನ ನೋಡಲು ಬಂದ. ಬಸ್ಸಿನ ಟಾಪಿನಿಂದ ಇಳಿಸಿದ ಎರಡು ಗಿಡ್ಡ ಬೋರ್ಡುಗಳನ್ನು ನಮ್ಮ ಜಗಲಿಗೆ ಒರಗಿಸಿದ. ಒಂದನ್ನು ನನಗೆ ಕೊಡುತ್ತಾನಂತೆ. ಹಳೇಬೀಡು, ಹುಲಿಕೆರೆ ಸುತ್ತಿಕೊಂಡು ಸಂಜೆ ಬರುತ್ತೇನೆ, ಅಷ್ಟರಲ್ಲಿ ಆರಿಸಿಡು, ಆಮೇಲೆ ಅರಸೀಕೆರೆಗೆ ಹೋಗಿ ರೈಲು ಹಿಡಿಯಬೇಕು ಎಂದು ಹೊರಟೇಬಿಟ್ಟ. ತಪ್ಪು ಆರಿಸಿದರೆ ನನಗೆ ಮತ್ತೆ ಅದೇ ಒಂಬತ್ತು ಅಡಿ, ಅದೇ ನೊರೆ.

ಒಂದು ಬೋರ್ಡು ಬೆಳ್ಳಗೆ, ತೆಳ್ಳಗೆ, ಮೂತಿ ಚೂಪಾಗಿ, ಅಂಚಿನಲ್ಲಿ ಕೆಂಪು ಗೆರೆ. ಇನ್ನೊಂದು ಅದಕ್ಕಿಂತ ಅರ್ಧ ಅಡಿ ಉದ್ದ, ಅಗಲ, ದಪ್ಪ. ಹಳದಿಗಟ್ಟಿದ್ದು, ನಡುವೆ ಒಂದು ತೇಪೆ. "ಬೋರ್ಡಿನ ಮೇಲೆ ಮಲಗಿದಾಗ ಎದೆ ನೀರಿನಿಂದ ಮೇಲಿರಬೇಕು. ಅಂಥದ್ದು ತಗೊಳ್ಳಿ, ಚಂದ ನೋಡ್ಬೇಡಿ" ಎಂದು ನನಗೆ ಸರ್ಫಿಂಗ್ ಕಲಿಸಿದವರು ಸಾರಿ ಸಾರಿ ಹೇಳಿದ್ದರು. ಕಿವಿಗೆ ಹಾಕಿಕೊಂಡವರು ಯಾರು! ನನ್ನ ಕಣ್ಣು ಬಿಳಿಯದರ ಮೇಲೆಯೇ ಕೂತುಬಿಟ್ಟಿತ್ತು.

ಆಗ ಅತ್ತೆ ಹೊರಗೆ ಬಂದರು. ಅಪ್ಪನ ಅಕ್ಕ, ಅರಸೀಕೆರೆಯ ಕೊಬ್ಬರಿ ಮಂಡಿಯಲ್ಲಿ ಮೂವತ್ತು ವರ್ಷ ಕೊಬ್ಬರಿ ಆರಿಸಿ, ಆಗಷ್ಟೇ ನಮ್ಮ ಮನೆಗೆ ಬಂದಿದ್ದವರು. ಅಟ್ಟದಲ್ಲಿ ವರ್ಷಗಟ್ಟಲೆ ಇಟ್ಟ ತೆಂಗಿನಕಾಯಿಯೊಳಗೆ ನೀರು ಪೂರ್ತಿ ಆರಿ ಕೊಬ್ಬರಿಯಾಗಿದೆಯೋ ಇಲ್ಲವೋ ಎಂದು ಒಡೆಯದೆಯೇ ಹೇಳುವವರು. ಜಗಲಿಯಲ್ಲಿ ಕುಕ್ಕರಗಾಲಲ್ಲಿ ಕೂತು, ಬೆರಳ ಗಿಣ್ಣಿನಿಂದ ಎರಡೂ ಬೋರ್ಡುಗಳನ್ನು ತುದಿಯಿಂದ ತುದಿಗೆ ತಟ್ಟಿದರು. ಹಳದಿಯದು ಉದ್ದಕ್ಕೂ ಟಕ್ ಟಕ್ ಎಂದಿತು. ಬಿಳಿಯದು ಬಾಲದ ಹತ್ತಿರ ದಬ್ ಎಂದಿತು.

"ಇದ್ರ ಹೊಟ್ಟೇಲಿ ನೀರೈತೆ ಕಣೇ."

"ಅತ್ತೆ, ಅದು ಬೋರ್ಡು. ತೆಂಗಿನಕಾಯಲ್ಲ!"

"ಯಾವ್ದಾದ್ರೇನು? ನೀರು ಕುಡ್ದಿದ್ರೆ ದನಿ ಹಿಂಗೇ ಬತ್ತೈತೆ." ಅದೇ ಗಿಣ್ಣಿನಿಂದ ನನ್ನ ತಲೆಗೂ ಒಂದು ಮೊಟಕಿದರು. "ಇದೂ ಇನ್ನೂ ಹಸಿ."

ನನಗೆ ಮೂಗಿನ ತುದಿಯಲ್ಲೇ ಕೋಪ. "ಸಮುದ್ರವನ್ನೇ ನೋಡಿಲ್ಲ ನೀವು, ಸುಮ್ನೆ ಒಳಗೆ ಹೋಗಿ" ಎಂದು ರೇಗಿಬಿಟ್ಟೆ. ಅಂದ ಮರುಕ್ಷಣವೇ ನಾಲಿಗೆ ಕಚ್ಚಿಕೊಂಡೆ. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದರು. "ನಡಿ ಹಂಗಾರೆ, ನೀರಿಗೆ ಹಾಕಿ ನೋಡಾಣ."

ಆಟೋದ ನೆತ್ತಿಗೆ ಎರಡೂ ಬೋರ್ಡು ಕಟ್ಟಿಕೊಂಡು ಯಗಚಿ ಅಣೆಕಟ್ಟಿನ ಹಿನ್ನೀರಿಗೆ ಹೋದೆವು. ದುಪಟ್ಟಾ ಬಿಗಿದು ಮೊದಲು ಬಿಳಿಯದರ ಮೇಲೆ ಮಲಗಿದೆ. ಅದು ನನ್ನನ್ನು ಕತ್ತಿನವರೆಗೆ ನೀರಿಗಿಳಿಸಿತು. ಹತ್ತು ಸಲ ಕೈ ಬೀಸುವಷ್ಟರಲ್ಲಿ ರಟ್ಟೆ ಸೋತಿತು. ಎದ್ದು ಕೂರಲು ಹೋಗಿ ಮಗುಚಿ ಬಿದ್ದೆ. ದಡದಲ್ಲಿ ಎಮ್ಮೆ ತೊಳೆಯುತ್ತಿದ್ದವನೊಬ್ಬ, "ಅಕ್ಕಾ, ನಮ್ಮೆಮ್ಮೆ ಮೇಲೆ ಕುಂತ್ಕಳಿ, ಇದಕ್ಕಿಂತ ಚೆನ್ನಾಗ್ ತೇಲ್ತೈತೆ!" ಎಂದು ಕೂಗಿದ. ಹಳದಿಯದರ ಮೇಲೆ ಮಲಗಿದೆ. ಅಲೆಯೇ ಇಲ್ಲದ ನೀರಿನಲ್ಲಿ ಅದು ನನ್ನನ್ನು ಹೊತ್ತು ಸರಸರ ಹೊರಟಿತು. ಎದೆ ನೀರಿನಿಂದ ಮೇಲೆಯೇ ಇತ್ತು.

ಮರಳಿ ಬಂದಾಗ ಅತ್ತೆ ಬಿಳಿ ಬೋರ್ಡನ್ನು ಸೆರಗಿನಿಂದ ಒರೆಸಿ, ಬಾಲ ಕೆಳಗೆ ಮಾಡಿ, ಬಿಸಿಲಿಗೆ ಕಾದ ಬಂಡೆಯ ಮೇಲೆ ನಿಲ್ಲಿಸಿಕೊಂಡಿದ್ದರು. ಬಾಲದಡಿಯ, ಮೀನಿನ ರೆಕ್ಕೆಯಂಥ ಫಿನ್ನಿನ ಪಕ್ಕದಲ್ಲಿ ಕೂದಲೆಳೆಯಂಥ ಬಿರುಕು. ಅದರಿಂದ ಎಂದೋ ಕುಡಿದಿದ್ದ ಕಂದು ನೀರು ತೊಟ್ಟು ತೊಟ್ಟಾಗಿ ಇಳಿಯುತ್ತಿತ್ತು. ಇಂಗು ತಿಂದ ಮಂಗನ ಹಾಗೆ ನಿಂತಿದ್ದವಳು, "ತಪ್ಪಾಯ್ತು ಅತ್ತೆ" ಎಂದೆ.

ಸಂಜೆ ಬಂದ ಆ ವಿದೇಶಿಗೂ ಬಿರುಕಿನ ವಿಷಯ ಗೊತ್ತಿರಲಿಲ್ಲ, ಪಾಪ. ಹಣೆ ಚಚ್ಚಿಕೊಂಡು, ಅತ್ತೆಗೆ ಕೈ ಮುಗಿದು, ಬಿಳಿಯದನ್ನು ಹೊತ್ತು ಹೋದ.

ಮುಂದಿನ ಶನಿವಾರ ಅತ್ತೆಯನ್ನೂ ಬಸ್ಸು ಹತ್ತಿಸಿದೆ. ಭಾನುವಾರ ಬೆಳಗ್ಗೆ ಅವರನ್ನು ಮರಳಿನ ಮೇಲೆ ಕೂರಿಸಿ ನೀರಿಗಿಳಿದೆ. ಮೂರು ಅಲೆಗಳು ನನ್ನನ್ನು ಮೂತಿ ಅಡಿಯಾಗಿ ಕೆಡವಿದವು. ನಾಲ್ಕನೆಯದು ಹಸಿರಾಗಿ ಎದ್ದಿತು, ನಾನೂ ಎದ್ದೆ. ಕಣ್ಣು ಹೋದ ಕಡೆ ಬೋರ್ಡು ತಿರುಗಿತು. ಅಯ್ಯೋ, ಆ ಖುಷಿ! ಶಾಲೆಯ ಮೇಡಂ ಎನ್ನುವುದನ್ನೂ ಮರೆತು ಕೇಕೆ ಹಾಕಿದೆ. ಅಲೆ ಮುಗಿದ ಮೇಲೆ ಬೋರ್ಡು ಕಂಕುಳಿಗೆ ಸೇರಿಸಿಕೊಂಡು ದಡಕ್ಕೆ ಓಡಿದೆ.

"ಅತ್ತೆ, ನೋಡಿದ್ರಾ? ನೋಡಿದ್ರಾ?"

ಅತ್ತೆ ಸೆರಗಿನಿಂದ ನನ್ನ ಮುಖ ಒರೆಸಿದರು.

"ಎಲ್ಲಿ ನೋಡ್ಲಿ? ಹೆದ್ರಿ ಕಣ್ಣು ಮುಚ್ಕಂಡಿದ್ದೆ. ಹೋಗು, ಇನ್ನೊಂದ್ ಸಲ ಹತ್ತು. ಈ ಸಲ ಬಿಟ್ಕಂಡಿರ್ತೀನಿ."