ಹನ್ನೊಂದು ಸಲ ತೀರಿಕೊಂಡ ಗುಮಾಸ್ತರು

ಅರಸೀಕೆರೆಯ ಕಚೇರಿಯೊಂದರ ಗುಮಾಸ್ತ ವರದರಾಜರು ಪತ್ರ ಬರೆದುಕೊಡುವ ಎಐಗೆ ಅರ್ಜಿದಾರರ ಹೆಸರು ಕೊಟ್ಟವರೇ ಅಲ್ಲ. ಹಾರನಹಳ್ಳಿಯ ಯಾರದೋ ಮನೆಯ ಕಷ್ಟ ಯಾವುದೋ ದೇಶದ ಕಂಪ್ಯೂಟರಿಗೆ ಯಾಕೆ ಗೊತ್ತಾಗಬೇಕು ಎಂಬುದು ಅವರ ವಾದ. ಜಾಗ ಖಾಲಿ ಬಿಡುವುದು ಕಚೇರಿಗೆ ಶೋಭೆಯಲ್ಲವೆಂದು ತಮ್ಮ ಹಾಗೂ ತಮ್ಮ ಮನೆಯವರ ಹೆಸರನ್ನೇ ಹಾಕಿ, ಪತ್ರ ಬಂದ ಮೇಲೆ ನಿಜವಾದ ಹೆಸರು ತುಂಬುತ್ತಾರೆ. ಹೀಗಾಗಿ ಎಐ ಪ್ರಕಾರ ಅವರು ಈ ವರ್ಷ ಹನ್ನೊಂದು ಸಲ ತೀರಿಕೊಂಡಿದ್ದಾರೆ. ಹೆಂಡತಿ ಯದುಗಿರಿ ಹನ್ನೊಂದು ಸಲ ವಿಧವಾ ವೇತನ ಕೇಳಿದ್ದಾರೆ. "ಒಂದ್ಸಲ ನನ್ನನ್ನೂ ಸಾಯ್ಸ್ರೀ, ನೀವೊಬ್ರೇ ಎಷ್ಟು ಸಲ ಅಂತ ಸಾಯ್ತೀರಾ?" ಎಂದು ಆಕೆ ಸಾರು ಬಡಿಸುತ್ತಾ ಗೊಣಗಿದರೆ, "ಹೆಂಡ್ತಿ ಸತ್ತೋರಿಗೆ ವೇತನ ಇಲ್ಲ ಕಣೇ" ಎನ್ನುತ್ತಾರೆ. ಕೃಷಿ ಹೊಂಡಕ್ಕೆ ಬಿದ್ದು ತೀರಿಕೊಂಡ ಮಗುವಿನ ಪರಿಹಾರದ ಅರ್ಜಿ ಬಂದ ದಿನ ಮಾತ್ರ ಕಂಪ್ಯೂಟರ್ ಆರಿಸಿ, ಪೂರ್ತಿ ಪತ್ರವನ್ನು ಕೈಯಲ್ಲೇ ಬರೆದರು. ಅವರ ಮನೆಯಲ್ಲಿ ಮಗು ಅಂತ ಇರುವುದು ಮಗಳು ಮೇಧಿನಿ ಒಬ್ಬಳೇ.