ರೊಕ್ಕ ಕಟ್ಟಿದ ಕಾಲು

ನಮ್ಮ ಕಡೆ ಹಳೆಯ ಸೀರೆಗೆ ಸಾವಿಲ್ಲ, ಮಿತ್ರರೇ. ಉಡಲು ಬಾರದಾದಾಗ ಅದು ಕೌದಿಯ ಒಳಪದರಾಗುತ್ತದೆ, ಕೂಸಿನ ಜೋಳಿಗೆಯಾಗುತ್ತದೆ, ರೊಟ್ಟಿ ಸುತ್ತುವ ಅರಿವೆಯಾಗುತ್ತದೆ, ಕಡೆಗೆ ಒಲೆಯಿಂದ ಬಿಸಿ ಪಾತ್ರೆ ಇಳಿಸುವ ಚಿಂದಿಯಾಗಿ ಅಡುಗೆಮನೆಯಲ್ಲೇ ಮುಪ್ಪು ಕಳೆಯುತ್ತದೆ. ನಮ್ಮ ಅತ್ತೆಯವರ ಹಸಿರು ಇಳಕಲ್ ಸೀರೆಯೊಂದು ಮಾತ್ರ ಈ ದಾರಿ ಬಿಟ್ಟು, ಎಪ್ಪತ್ತರ ದಶಕದ ಒಂದು ಬೇಸಿಗೆಯಲ್ಲಿ, ಒಂದು ದಿನದ ಮಟ್ಟಿಗೆ ಖಜಾನೆಯಾಯಿತು. ಆ ಖಜಾನೆ ಇದ್ದದ್ದು ನನ್ನ ಎಡಗಾಲ ಮೇಲೆ.

ನಾನು ಆಗ ನೇಸರಗಿ ಹತ್ತಿರದ ಹಳ್ಳಿಯೊಂದರ ಹೊಸ ಸೊಸೆ. ಗಂಡ ರಾಮದುರ್ಗದ ಬಟ್ಟೆ ಅಂಗಡಿಯಲ್ಲಿ ಗುಮಾಸ್ತರು. ಮನೆ, ಹೊಲ ನೋಡಿಕೊಳ್ಳುತ್ತಿದ್ದವರು ಅವರ ಅಣ್ಣ, ಅಂದರೆ ನನ್ನ ಭಾವ. ವಿಧವೆಯಾದ ಅತ್ತೆ ಎಮ್ಮೆ ಕಟ್ಟಿ, ಬೆಣ್ಣೆ ಮಾರಿ, ವರ್ಷಗಟ್ಟಲೆ ರೊಕ್ಕ ಕೂಡಿಸಿದ್ದರು. ಮೆಟ್ರಿಕ್ ಪಾಸಾದ ಸೊಸೆಯನ್ನು ಶಿಕ್ಷಕಿಯರ ತರಬೇತಿಗೆ ಕಳಿಸಲೇಬೇಕೆಂಬುದು ಅವರ ಹಟ. ಭಾವನವರಿಗೋ ಬಾವಿಗೆ ಪಂಪ್‌ಸೆಟ್ ಕೂಡಿಸುವ ಹಂಬಲ. ರೊಕ್ಕ ಅವರ ಕಣ್ಣಿಗೆ ಬಿದ್ದರೆ ನನ್ನ ಓದು ಪಂಪ್‌ಸೆಟ್ಟಾಗಿ ಬಾವಿಗಿಳಿಯುತ್ತದೆ ಎಂದು ಅತ್ತೆ ಹೆದರಿದ್ದರು. ಹಾಗೆಂದೇ ಬೈಲಹೊಂಗಲದ ಬ್ಯಾಂಕಿನಲ್ಲಿ ಐದು ರೂಪಾಯಿ ಕಟ್ಟಿ ಗುಟ್ಟಾಗಿ ಉಳಿತಾಯ ಖಾತೆ ತೆರೆದು ಬಂದಿದ್ದರು. ಇನ್ನು ಉಳಿದ ರೊಕ್ಕ ಅಲ್ಲಿಗೆ ಮುಟ್ಟಬೇಕಿತ್ತು, ಭಾವ ಮುನವಳ್ಳಿಯ ದನದ ಪೇಟೆಗೆ ಹೋದ ದಿನವೇ ಮುಟ್ಟಬೇಕಿತ್ತು.

"ಕಿಸೆ ಕತ್ತರಸ್ತಾರ, ಚೀಲಾ ಕಸೀತಾರ," ಎಂದರು ಅತ್ತೆ. "ಮುರದ ಕಾಲ ಯಾರ ಕಸ್ಕೋತಾರವಾ?"

ನೋಟುಗಳನ್ನು ನನ್ನ ಕಾಲಿನ ಸುತ್ತ ಹೊದಿಸಿ, ಮೇಲೆ ಬಿದಿರಿನ ದಬ್ಬೆ ಇಟ್ಟು, ಸೀರೆ ಹರಿದು ಬಿಗಿಯಾಗಿ ಸುತ್ತಿ, ನೋಡಿದವರು ನಂಬಲೆಂದು ಅರಿಸಿನ ಕಲಸಿದ ಎಣ್ಣೆ ಸವರಿದರು. ಕಾಲಿಗೆ ಏನೂ ಆಗಿರಲಿಲ್ಲ. ಆದರೂ ಎರಡು ಹೆಜ್ಜೆ ಇಡುವಷ್ಟರಲ್ಲಿ ಹಾಳಾದ್ದು ನಿಜವಾಗಿಯೂ ನೋಯತೊಡಗಿತು. ವೇಷ ಅಂದರೆ ಹಾಗೆಯೇ ನೋಡಿ, ಹಾಕಿಕೊಂಡವರನ್ನೇ ಮೊದಲು ನಂಬಿಸುತ್ತದೆ.

ಕಳ್ಳರಿಂದ ಪಾರಾಗುವ ಉಪಾಯ ನಾವು ಹೂಡಿದ್ದೆವು, ಕರುಣೆಯಿಂದ ಪಾರಾಗುವ ಉಪಾಯ ಹೂಡಿರಲಿಲ್ಲ. ಬಸ್ಸು ಹತ್ತಿದ್ದೇ ತಡ, ಇಡೀ ಬಸ್ಸು ನನ್ನ ಬಳಗವಾಯಿತು. ಒಬ್ಬರು ಸೀಟು ಬಿಟ್ಟರು, ಒಬ್ಬರು ಕಾಲಿಡಲು ತಮ್ಮ ಜೋಳದ ಚೀಲ ಸರಿಸಿದರು, ಒಬ್ಬಾಕೆ ತತ್ತಿ ತಿನ್ನಲು ಹೇಳಿದಳು, ಇನ್ನೊಬ್ಬಾಕೆ ತತ್ತಿ ಮುಟ್ಟಲೇಬಾರದೆಂದಳು, ಆಮೇಲೆ ಅವರಿಬ್ಬರೂ ನನ್ನನ್ನು ಮರೆತು ಜಗಳಕ್ಕೆ ಬಿದ್ದರು. ಇಷ್ಟರಲ್ಲಿ ಎಲುಬು ಕೂಡಿಸುವುದರಲ್ಲಿ ಸುತ್ತಲ ಹಳ್ಳಿಗಳಿಗೆಲ್ಲ ಹೆಸರಾದ ಅಜ್ಜನೊಬ್ಬ ಹಿಂದಿನ ಸೀಟಿನಿಂದ ಎದ್ದು ಬಂದು ನನ್ನ ಮುಂದೆ ಕುಕ್ಕರಗಾಲಲ್ಲಿ ಕುಳಿತ.

"ಬಿಚ್ರಿ, ನೋಡೂನು."

"ಬೆಳಗಾವಿ ಡಾಕ್ಟರ್ ಬಿಚ್ಚಬ್ಯಾಡಂದಾರ್ರಿ," ಎಂದರು ಅತ್ತೆ.

"ಡಾಕ್ಟರಗ ಎಲುಬಿಂದ ಏನ ತಿಳೀತೈತಿ?" ಎನ್ನುತ್ತ ಅಜ್ಜ ಪಟ್ಟಿಯ ಮೇಲಿಂದಲೇ ಎಡಗಾಲನ್ನು ಒತ್ತಿದ. ಒಳಗಿನ ನೋಟುಗಳು ಸರಸರ ಎಂದವು. ಈಗ ಪಟ್ಟಿ ಬಿಚ್ಚಿದರೆ ಸುದ್ದಿ ಸಂಜೆಯೊಳಗೆ ಭಾವನ ಕಿವಿಗೆ ಬೀಳುತ್ತದೆ, ನನ್ನ ತರಬೇತಿ ಅಲ್ಲಿಗೆ ಮುಗಿಯುತ್ತದೆ. ಅಜ್ಜ ಕಿವಿಗೊಟ್ಟು ಇನ್ನೊಮ್ಮೆ ಒತ್ತಿದ, ಇನ್ನೊಮ್ಮೆ ಕೇಳಿದ, ಮುಖ ಸಣ್ಣದು ಮಾಡಿಕೊಂಡ.

"ಎಲುಬು ಪುಡಿಪುಡಿ ಆಗೇತವಾ. ಸಪ್ಪಳಾ ಬರಾಕ ಹತ್ತೇತಿ. ಇದು ನನ್ನ ಕೈಲೆ ಆಗೂದಲ್ಲ, ದವಾಖಾನಿಗೆ ಒಯ್ರಿ."

ಅಷ್ಟು ಸಾಕಾಯಿತು. ಬೈಲಹೊಂಗಲದಲ್ಲಿ ಡ್ರೈವರು ಬಸ್ಸನ್ನು ಸ್ಟ್ಯಾಂಡಿಗೆ ಒಯ್ಯದೆ ನೇರ ದವಾಖಾನೆಯ ಬಾಗಿಲಿಗೆ ನಿಲ್ಲಿಸಿದ. ಗಟ್ಟಿಮುಟ್ಟಾದ ಇಬ್ಬರು ಹೆಂಗಸರು ನನ್ನನ್ನು ಹೊತ್ತು ಒಳಗಿನ ಬೆಂಚಿನ ಮೇಲೆ ಮಲಗಿಸಿ ಹೋದರು. ಬಸ್ಸು ಕಣ್ಮರೆಯಾದ ಮೇಲೆ ನಾನು ಎದ್ದೆ, ಸೀರೆ ಸರಿಪಡಿಸಿಕೊಂಡೆ, ಬ್ಯಾಂಕಿನತ್ತ ದಡದಡನೆ ನಡೆದೆ. ಬೆಂಚಿನ ಆಚೆ ತುದಿಯಲ್ಲಿ ಸರದಿಗಾಗಿ ಕಾಯುತ್ತಿದ್ದ ನಿಜವಾದ ಕುಂಟನೊಬ್ಬ ಈ ದವಾಖಾನೆಯ ಗುಣಕ್ಕೆ ಬೆರಗಾಗಿ ಕೈ ಮುಗಿದ.

ಬ್ಯಾಂಕಿನ ಕ್ಯಾಷಿಯರು ಸಭ್ಯಸ್ಥರು. ನಾನು ಮೂಲೆಯಲ್ಲಿ ಕುಳಿತು ಪಟ್ಟಿ ಬಿಚ್ಚುವವರೆಗೂ ಗೋಡೆಯತ್ತ ಮುಖ ಮಾಡಿದ್ದರು; ಆಮೇಲೆ ಅರಿಸಿನ ಎಣ್ಣೆ ಹತ್ತಿದ ನೋಟುಗಳನ್ನು ಬೆರಳ ತುದಿಯಲ್ಲಿ ಹಿಡಿದು ಎಣಿಸಿ, ಪಾಸ್‌ಬುಕ್ಕಿನಲ್ಲಿ ಒಂದು ಸಾಲು ಬರೆದುಕೊಟ್ಟರು. ಅಷ್ಟು ವರ್ಷದ ಎಮ್ಮೆ, ಅಷ್ಟು ವರ್ಷದ ನಸುಕು, ಎಲ್ಲ ಸೇರಿ ಒಂದೇ ಸಾಲು.

"ಇಷ್ಟ ಏನ್ರಿ?" ಎಂದರು ಅತ್ತೆ.

ಈಗ ಪಾಸ್‌ಬುಕ್ ಜೋಪಾನವಾಗಿ ಮನೆ ಸೇರಬೇಕಲ್ಲ? ಅದೂ ಕಾಲಿಗೇರಿತು. ಪಟ್ಟಿ ಬೆಳಗಿನಷ್ಟೇ ದಪ್ಪ ಕಾಣಲೆಂದು ಕ್ಯಾಷಿಯರು ಹಳೆಯ ವರ್ತಮಾನಪತ್ರಿಕೆ ಕೊಟ್ಟರು. ತಿರುಗುವ ಬಸ್ಸಿನ ಅವಸರದಲ್ಲಿ ಕಟ್ಟಿ, ಕುಂಟುತ್ತ ಮನೆ ಸೇರಿದೆವು.

ಬಸ್ಸಿನ ಸುದ್ದಿ ದಾರಿಯಲ್ಲೇ ಕೇಳಿದ್ದ ಭಾವ ರಾತ್ರಿ ಬಂದು ಪಟ್ಟಿ ನೋಡಿದರು. ಮರುದಿನ ಆ ಅಜ್ಜನ ಹತ್ತಿರ ಹೋಗಿ ಎಣ್ಣೆ ತಂದಿಟ್ಟರು. ಸುಳ್ಳು ಕಾಲಿಗೆ ನಿಜವಾದ ಎಣ್ಣೆ ತಿಕ್ಕಿಕೊಳ್ಳುತ್ತ ನಾನು ವಾರಗಟ್ಟಲೆ ಕುಂಟುತ್ತಲೇ ಇದ್ದೆ. ತರಬೇತಿಗೆ ಅರ್ಜಿ ಹಾಕುವ ಹೊತ್ತಿಗೆ ಅತ್ತೆ ಅಳುಕುತ್ತ ಮಾತು ತೆಗೆದರು.

"ಹೋಗ್ಲಿ ಬಿಡವಾ," ಎಂದರು ಭಾವ. "ಹೊಲದ ಕೆಲಸ ಆ ಕಾಲಿಲೆ ಆಗೂದಲ್ಲ. ಕುಂತ ಮಾಡೂ ನೌಕರಿ ಛಲೋ."

ಅತ್ತೆ, ಸೊಸೆ ಅಡುಗೆಮನೆಗೆ ಓಡಿ ಸೆರಗು ಬಾಯಿಗಿಟ್ಟು ನಕ್ಕಿದ್ದೇ ನಕ್ಕಿದ್ದು. ಕೆಲಸ ಮಾಡಿದ್ದು ರೊಕ್ಕವಲ್ಲ, ಕುಂಟು. ಭೋಳೆ ಗಂಡಸು, ಎಷ್ಟು ಸಲೀಸಾಗಿ ಮೋಸಹೋದರು ಎಂದುಕೊಂಡೆವು.

ತರಬೇತಿಗೆ ಹೊರಟ ದಿನ ಭಾವ ನನ್ನ ಟ್ರಂಕನ್ನು ತಲೆಯ ಮೇಲೆ ಹೊತ್ತು ಬಸ್ಸಿನವರೆಗೆ ಬಂದರು. ನಾನು ವಾಡಿಕೆಯಂತೆ ಕುಂಟುತ್ತ ಹಿಂದೆ ನಡೆದೆ. ಟ್ರಂಕು ಬಸ್ಸಿನ ಮೇಲೇರಿತು. ಅವರು ಕಿಟಕಿಯ ಹತ್ತಿರ ಬಂದು, ಬೀಳ್ಕೊಡಲು ಬಂದಿದ್ದ ಅತ್ತೆಗೂ ನನಗೂ ಮಾತ್ರ ಕೇಳುವಂತೆ ಹೇಳಿದರು:

"ತಂಗೀ, ಅಲ್ಲಿ ಹ್ವಾದ ಮ್ಯಾಲೆ ಒಂದ ಕಾಲ ಖಾಯಂ ಮಾಡ್ಕೊ. ಅಜ್ಜ ಎಡಗಾಲ ಅಂದ, ಮನಿಗೆ ಬಂದ ನೋಡಿದ್ರ ಬಲಗಾಲಿಗೆ ಕಟ್ಟೀದಿ. ಅಲ್ಲಿಂದ ಯಾವ ಕಾಲ ನೆನಪಾಗ್ತದೋ ಆ ಕಾಲ ಕುಂಟಾಕ ಹತ್ತೀದಿ. ಎಲುಬು ಸರಸರ ಅಂತಾವ ಅಂದ ಅಜ್ಜ, ನೋಟಿನ ಸಪ್ಪಳಾ ನನಗ ತಿಳ್ಯಾಂಗಿಲ್ಲೇನು? ಇಷ್ಟ ಪಾಡ ಪಡ್ತಾಳಂದ್ರ ಕಲೀಲಿ ಅಂದ್ನಿ. ಬಾವಿ ನೀರ ಎತ್ತಾಕ ಇನ್ನೂ ಎತ್ತ ಅದಾವ."

ಬಸ್ಸು ಹೊರಟಿತು. ಅತ್ತೆ ಭಾವನ ಮುಖ ನೋಡಲಾರದೆ ನೆಲ ನೋಡುತ್ತ ನಿಂತಿದ್ದರು. ಯಾರಿಂದ ನಾವು ಅಷ್ಟೆಲ್ಲ ಬಚ್ಚಿಟ್ಟಿದ್ದೆವೋ ಆ ಮನುಷ್ಯ ದಾರಿಯ ನಡುವೆ ನಿಂತು, ಬಸ್ಸು ಮರೆಯಾಗುವವರೆಗೂ ಕೈ ಎತ್ತಿಯೇ ಇದ್ದರು.